ಮೂಕ ಕಿನ್ನರಿಯ ಡಂಗುರ

ಬ್ರಿನ್ ಹಾಲ್ವರ್ಸನ್‌ಳನ್ನು ನಾನು ಮೊದಲು ಕಂಡದ್ದು ನನ್ನ ಬಸ್ಸಿನ ಮೆಟ್ಟಿಲ ಮೇಲೆ. ವಾರದ ದಿನಗಳಲ್ಲಿ ನಾನು ಶಾಲೆಯ ಹಳದಿ ಬಸ್ಸು ಓಡಿಸುತ್ತೇನೆ. ಆಗ ಅವಳು ಒಂದನೇ ಕ್ಲಾಸಿನ ಪುಟ್ಟಿ, ಮುಂದಿನ ಹಲ್ಲು ಉದುರಿತ್ತು. "ನಿನ್ನ ಹೆಸರೇನಮ್ಮ?" ಎಂದೆ. ಮಗು ತುಟಿ ಜೋಡಿಸಿತು, ಕತ್ತಿನ ನರ ಬಿಗಿಯಾಯಿತು, 'ಬ್... ಬ್...' ಎಂಬುದರಾಚೆ ಏನೂ ಬರಲಿಲ್ಲ. ಹಿಂದೆ ನಿಂತಿದ್ದ ಹುಡುಗನೊಬ್ಬ ಅವಳ ಪರವಾಗಿ ಹೆಸರು ಹೇಳಿಬಿಟ್ಟ. ಅಂದಿನಿಂದ ಅವಳ ಪರವಾಗಿ ಮಾತಾಡುವವರಿಗೆ ನಮ್ಮೂರಲ್ಲಿ ಬರ ಬಂದದ್ದೇ ಇಲ್ಲ.

ಬೈಯೋಣವೆಂದರೆ ಬೈಯಿಸಿಕೊಳ್ಳಲು ಒಬ್ಬ ಕೆಟ್ಟವನೂ ಸಿಗುವುದಿಲ್ಲ, ನನ್ನ ಸಿಟ್ಟೆಲ್ಲ ಅದೇ. ಎಲ್ಲರೂ ಒಳ್ಳೆಯವರು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸುವಾಗ ಅವಳ ಸರದಿ ಬಂದರೆ ಟೀಚರು ಮೆಲ್ಲಗೆ ಅವಳನ್ನು ಹಾರಿಸಿ ಪಕ್ಕದವನಿಗೆ ಕೊಡುತ್ತಿದ್ದರು. ಶುಕ್ರವಾರ ಊರಿಗೆ ಊರೇ ಕರಿದ ಮೀನಿನ ಊಟಕ್ಕೆ ಹೋಟೆಲಿನಲ್ಲಿ ಸೇರುತ್ತದಲ್ಲ, ಅಲ್ಲಿ ಅವಳಿಗೆ ಬೇಕಾದದ್ದನ್ನು ಅವಳಮ್ಮನೇ ಹೇಳುತ್ತಿದ್ದಳು. ಒಮ್ಮೆ ಅಮ್ಮ ತಪ್ಪಿ ಕೋಳಿ ಹೇಳಿದ್ದಳಂತೆ. ಇವಳು 'ಮೀನು' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹೋಟೆಲಿನವಳು ಅಡುಗೆಮನೆ ಸೇರಿಯಾಗಿತ್ತು. ಹುಡುಗಿ ಸುಮ್ಮನೆ ಕೋಳಿ ತಿಂದು ಎದ್ದು ಬಂದಳು.

ನಮ್ಮೂರ ಹೊರಗೆ, ಜೋಳದ ಹೊಲಗಳು ಮುಗಿದು ಓಕ್ ಮರಗಳು ಶುರುವಾಗುವ ಕಡೆ, ಬೇಸಿಗೆಯ ಕೊನೆಯ ವಾರಗಳ ಶನಿವಾರ ಭಾನುವಾರಗಳಲ್ಲಿ ರೆನೆಸಾನ್ಸ್ ಮೇಳ ನಡೆಯುತ್ತದೆ. ನಾನೂರು ಚಿಲ್ಲರೆ ವರ್ಷ ಹಿಂದಿನ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಇದ್ದೇವೆಂದು ಎಲ್ಲರೂ ಸೇರಿ ಆಡುವ ಆಟ. ರಾಣಿ ಇರುತ್ತಾಳೆ, ಕುದುರೆ ಏರಿ ಈಟಿ ಹಿಡಿದ ವೀರರು ಇರುತ್ತಾರೆ, ನಮ್ಮ ವಿಸ್ಕಾನ್ಸಿನ್ ರಾಜ್ಯದ ಬಿಸಿಲಿನಲ್ಲಿ ಮಖಮಲ್ಲು ತೊಟ್ಟು ಬೆವರುವ ಸರದಾರರು ಇರುತ್ತಾರೆ. ನಮ್ಮ ಹೈಸ್ಕೂಲು ಹುಡುಗ ಹುಡುಗಿಯರಿಗೆ ಜೀವನದ ಮೊದಲ ಕೆಲಸ ಅಲ್ಲೇ. ಕುದುರೆ ಲದ್ದಿ ಬಾಚುತ್ತಾರೆ, ಐಸು ಹೊರುತ್ತಾರೆ, ಟರ್ಕಿ ಕೋಳಿಯ ಕಾಲು ಸುಡುತ್ತಾರೆ. ಬಾಯಿ ಚುರುಕಿದ್ದವರಿಗೆ ವೇಷ ಸಿಗುತ್ತದೆ. ನನ್ನದು ಹಿಂಬಾಗಿಲಿನ ಗುಡಿಸಲು. ಕೆಲಸಕ್ಕೆಂದು ಒಳಗೆ ಹೋಗುವ ಪ್ರತಿಯೊಬ್ಬರ ವೇಷ ನೋಡಿ, ಕೈಗಡಿಯಾರ ಬಿಚ್ಚಿಸಿ, ಫೋನನ್ನು ಚೀಲದೊಳಕ್ಕೆ ತಳ್ಳಿಸಿ, ಮಿರಿಮಿರಿ ಶೂ ಹಾಕಿ ಬಂದವನಿಗೆ ಬೈದು ಕಳಿಸುವುದು ನನ್ನ ಕೆಲಸ.

ವೇಷ ಹಂಚುವವರು ವೆಂಡೆಲ್ ಕ್ರೂಪ್ ಮೇಷ್ಟ್ರು. ಹೈಸ್ಕೂಲಿನಲ್ಲಿ ನಾಟಕ ಕಲಿಸುತ್ತಾರೆ, ಮೇಳದಲ್ಲಿ ಎಲ್ಲ ಆಟಗಳ ಯಜಮಾನಿಕೆ ಅವರದೇ. ಬೆಣ್ಣೆಯಂಥ ಮನುಷ್ಯ, ಮಕ್ಕಳೆಂದರೆ ಪ್ರಾಣ. ಬ್ರಿನ್ ಹೈಸ್ಕೂಲು ಸೇರಿದ ವರ್ಷ ಕೆಲಸ ಕೇಳಿಕೊಂಡು ಬಂದಾಗ ಅವರು ಅವಳನ್ನು ನೋಡಿ ಒಂದು ಕ್ಷಣ ಯೋಚಿಸಿ, ಮುಖ ಅರಳಿಸಿ, "ನೀನು ಕಿನ್ನರಿ!" ಎಂದರು. ಮೇಳದ ಕಿನ್ನರಿಗೆ ಮಾತಿಲ್ಲ. ಹಸಿರು ಬಣ್ಣ ಬಳಿದುಕೊಂಡು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು, ಮಕ್ಕಳ ಅಂಗೈಗೆ ಗಾಜಿನ ಮಣಿ ಹಾಕುತ್ತ ಅಲೆಯಬೇಕು. ಹಿಂಬಾಗಿಲು ದಾಟಿ ಒಳಗೆ ಹೋದ ಮೇಲೆ ಸಂಜೆ ಅದೇ ಬಾಗಿಲಿಂದ ಹೊರಗೆ ಬರುವ ತನಕ ತುಟಿ ಬಿಚ್ಚುವಂತಿಲ್ಲ. ಜೇನುನೊಣ ಕಚ್ಚಿದರೂ ಅಷ್ಟೇ.

ಅವಳ ಮುಖದ ನಿರಾಳವನ್ನು ಅಂದು ನೋಡಬೇಕಿತ್ತು. ಮಾತೇ ಬೇಡವೆಂದು ಮೊದಲ ಬಾರಿಗೆ ಒಬ್ಬರು ಸಂಬಳ ಕೊಟ್ಟು ಹೇಳಿದ್ದರು. ಅವಳು ಕಿನ್ನರಿಯಾಗಿ ಮಿಂಚಿಬಿಟ್ಟಳು ಎನ್ನುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅಳುವ ಮಗುವಿನ ಮುಂದೆ ಕೂತು ತಾನೂ ಅಳುವಂತೆ ಮುಖ ಮಾಡಿ, ಕೆನ್ನೆಯಿಂದ ಕಣ್ಣೀರು ಒರೆಸಿ ತೆಗೆದು ಅಂಗೈಯಲ್ಲಿ ಮಣಿ ಮಾಡಿ ತೋರಿಸುವಳು. ಪಕ್ಕದ ಜಿಲ್ಲೆಗಳಿಂದಲೂ ಜನ ಅವಳನ್ನು ಕೇಳಿಕೊಂಡು ಬರತೊಡಗಿದರು.

ಆಮೇಲೆ ಶುರುವಾಯಿತು ನೋಡಿ. ಮೇಳದಲ್ಲಿ ಅವಳನ್ನು ಕಂಡವರೆಲ್ಲ ಊರೊಳಗೂ ಅವಳ ಹತ್ತಿರ ಕೈಸನ್ನೆ ಮಾಡಲಾರಂಭಿಸಿದರು. ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತಿರುವ ಹೆಂಗಸು ಅವಳು ಬಾಯಿ ತೆರೆಯುವ ಮೊದಲೇ, "ಬೇಡ ಪುಟ್ಟಾ, ಸುಮ್ನೆ ಬೆರಳು ತೋರ್ಸು ಸಾಕು" ಎನ್ನುವಳು. ಅಂಚೆ ಕಚೇರಿಯವನು ಕಣ್ಣು ಮಿಟುಕಿಸಿ ತುಟಿಯ ಮೇಲೆ ಬೆರಳಿಡುವನು. ಶನಿವಾರ ಭಾನುವಾರಕ್ಕೆಂದು ಹಾಕಿಕೊಂಡ ಬೀಗವನ್ನು ಊರು ಸೋಮವಾರವೂ ತೆಗೆಯಲಿಲ್ಲ.

ಸಂಜೆ ನನ್ನ ಗುಡಿಸಲಿನಲ್ಲಿ ಅವಳ ರೆಕ್ಕೆಯ ದಾರ ಬಿಚ್ಚುವಾಗ ಅವಳು ಮಾತಾಡುತ್ತಿದ್ದಳು. ಪಿನ್ನು ಎಣಿಸಿ ಡಬ್ಬಿಗೆ ಹಾಕುವ ಕೆಲಸ ನನ್ನದು, ನನಗೂ ಅವಸರವಿಲ್ಲ. ಹೈಸ್ಕೂಲಿನ ಎರಡನೇ ವರ್ಷ ಮುಗಿದ ಬೇಸಿಗೆಯಲ್ಲಿ ಒಂದು ಸಂಜೆ ಅವಳು ಹೇಳಿದಳು:

"ಮಿಸೆಸ್ ಟೋರ್ಸನ್, ನಂಗೆ ಡ-ಡಂಗುರ ಸಾರೋ ವೇಷ ಬೇಕು."

ನಾನು ಪಿನ್ನು ಕೆಳಗೆ ಹಾಕಿದೆ. ಡಂಗುರದವನೆಂದರೆ ಮೇಳದ ಗಂಟಲು. ನಡುಮಧ್ಯಾಹ್ನ ಕಲ್ಲುಬಾವಿಯ ಕಟ್ಟೆ ಹತ್ತಿ, ಹಿತ್ತಾಳೆ ಗಂಟೆ ಬಾರಿಸಿ, ರಾಣಿ ಬರುವುದನ್ನು ಸಾರಬೇಕು. ಕೇಳುವವರು ಸಾವಿರ ಜನ.

"ಯಾಕಮ್ಮ ಅದೇ?"

ಅವಳು ಆ ಪಿನ್ನು ಹೆಕ್ಕಿ ಡಬ್ಬಿಗೆ ಹಾಕಿದಳು. "ನಾನು ಏ-ಏನಾದ್ರೂ ಹೇಳಿದ್ರೆ, ಜನ ನನ್ನ ಬಾಯಿ ನೋಡ್ತಾರೆ. ಏನು ಹೇ-ಹೇಳ್ದೆ ಅಂತ ಯಾರೂ ಕೇಳಿಸ್ಕೊಳ್ಳಲ್ಲ. ಒಂದ್ಸಲ, ನಾನು ಹೇಳಿದ್ದು ಕೇಳ್ಬೇಕು."

ಕ್ರೂಪ್ ಮೇಷ್ಟ್ರನ್ನು ಕೇಳಿದಳು. ಅವರು ಅವಳ ಭುಜ ತಟ್ಟಿ, "ನಿನ್ನಂಥ ಕಿನ್ನರಿ ಈ ರಾಜ್ಯದಲ್ಲೇ ಇಲ್ಲ ಮರಿ, ಕೈಬಿಡೋಕೆ ಆಗುತ್ತಾ?" ಎಂದರು. ಮರು ವರ್ಷ ಮತ್ತೆ ಕೇಳಿದಳು. "ನಿನಗೆ ನೋವಾಗೋದನ್ನ ನಾನು ನಿಂತು ನೋಡಲಾರೆ" ಎಂದು ಕಣ್ಣು ತೇವ ಮಾಡಿಕೊಂಡರು. ಡಂಗುರ ಗ್ರೇಡಿ ಲುಂಡ್ ಎಂಬ ಅವಳ ಕ್ಲಾಸಿನ ಹುಡುಗನ ಪಾಲಾಯಿತು. ಗ್ರೇಡಿ ಒಳ್ಳೆಯ ಹುಡುಗನೇ, ಗಂಟಲು ಮಾತ್ರ ಅವನ ತಲೆಗಿಂತ ದೊಡ್ಡದು.

ಅದು ಅವಳ ಕೊನೆಯ ಬೇಸಿಗೆ. ಮುಂದಿನ ವರ್ಷ ಹೈಸ್ಕೂಲು ಮುಗಿಯುತ್ತದೆ, ವೇಷವೂ ಮುಗಿಯುತ್ತದೆ.

ನಮ್ಮ ಮೇಳದಲ್ಲಿ, ಕಲ್ಲುಬಾವಿಯ ಪಕ್ಕದಲ್ಲೇ, ಒಂದು ಮರದ ಕೋಳ ಇದೆ. ಯಾರ ಮೇಲಾದರೂ ತಪ್ಪು ಹೊರಿಸಿ, ಸ್ವಲ್ಪ ದುಡ್ಡು ಕೊಟ್ಟರೆ, ಕಾವಲುಗಾರ ಅವರ ಕತ್ತು ಕೈಗಳನ್ನು ಹಲಗೆಯ ತೂತಿಗೆ ಸಿಕ್ಕಿಸಿ ಬೀಗ ಹಾಕುತ್ತಾನೆ. ಗಂಡನನ್ನು ಹೆಂಡತಿ ಹಾಕಿಸುತ್ತಾಳೆ, ಮಕ್ಕಳು ಅಪ್ಪನನ್ನು ಹಾಕಿಸುತ್ತಾರೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ತಪ್ಪನ್ನು ಎಲ್ಲರ ಮುಂದೆ ಹೇಳಬೇಕು, ಜನ ಒಪ್ಪಬೇಕು, ಇಷ್ಟೇ ನಿಯಮ.

ಆ ಬೇಸಿಗೆಯ ಒಂದು ಶನಿವಾರ ನಡುಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕಿನ್ನರಿ ಗ್ರೇಡಿಯ ತೋಳು ಹಿಡಿದು ಕೋಳದ ಹತ್ತಿರ ಎಳೆದುಕೊಂಡು ಬಂದಳು. ನಾನು ಹರಿದ ಲಂಗವೊಂದನ್ನು ಹೊಲಿಯುತ್ತ ಅಲ್ಲೇ ಕೂತಿದ್ದೆ.

"ಎಲೈ ಕಿನ್ನರಿಯೇ, ಈ ದುರುಳನ ಅಪರಾಧವೇನು?" ಎಂದು ಕಾವಲುಗಾರ ಗರ್ಜಿಸಿದ.

ಅವಳು ತನ್ನ ಊಟದ ಡಬ್ಬಿ ತೋರಿಸಿದಳು. ಅದನ್ನು ತಲೆಕೆಳಗು ಮಾಡಿದಳು. ಆಮೇಲೆ ಗ್ರೇಡಿಯ ಹಾಗೆ ಹೊಟ್ಟೆ ಮುಂದೆ ಬಿಟ್ಟು, ಬಾಯಿ ಒರೆಸಿಕೊಂಡು, ತೇಗಿದಂತೆ ಮಾಡಿದಳು. ಜನ ಬಿದ್ದು ಬಿದ್ದು ನಕ್ಕರು.

"ಅಪರಾಧಿ! ಅಪರಾಧಿ!"

"ಲೇ, ನಾನೇನೂ ತಿಂದಿಲ್ಲ ಕಣ್ರೋ!" ಎಂದು ಗ್ರೇಡಿ ನಗುತ್ತಲೇ ಕತ್ತು ಕೊಟ್ಟ. ಬೀಗ ಬಿತ್ತು. ಕಾವಲುಗಾರ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಬಿಯರು ತರಲು ಹೋದ. ಆಗ ಬ್ರಿನ್ ಗ್ರೇಡಿಯ ಸೊಂಟದಿಂದ ಗಂಟೆ ಬಿಚ್ಚಿಕೊಂಡಳು.

"ಏಯ್, ಏನೇ ಮಾಡ್ತಿದೀಯಾ? ಬ್ರಿನ್! ಬ್ರಿನ್, ತಮಾಷೆ ಸಾಕು, ರಾಣಿ ಹೊರಡೋ ಹೊತ್ತಾಯ್ತು ಕಣೇ!"

ಅವಳು ತಿರುಗಿ ನೋಡಲಿಲ್ಲ. ಹಸಿರು ಮುಖ, ರೆಕ್ಕೆ, ಬರಿಗಾಲು, ಹಾಗೆಯೇ ಬಾವಿಯ ಕಟ್ಟೆ ಹತ್ತಿ ಗಂಟೆ ಬಾರಿಸಿದಳು.

"ಎಲೈ ಪು-ಪು-ಪುರಜನರೇ!"

ಕಿನ್ನರಿ ಮಾತಾಡಿದಳು! ಜನ ಹಾಗೇ ನಿಂತುಬಿಟ್ಟರು.

"ಮ... ಮ-ಮ-ಮಹಾ..."

ಅಲ್ಲಿ ಸಿಕ್ಕಿಕೊಂಡಿತು. ಕತ್ತಿನ ನರ ಬಿಗಿಯಿತು, ಕಣ್ಣು ಮುಚ್ಚಿಹೋಯಿತು. ನಾನು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡೆ. ಆಮೇಲೆ ಗುಂಪಿನಲ್ಲೆಲ್ಲೋ ಒಬ್ಬರು ನಕ್ಕರು. ಕೆಟ್ಟ ನಗು ಅಲ್ಲ, ಮುದ್ದಿನ ನಗು. ಮೂಕ ಕಿನ್ನರಿ ಮಾತು ಕಲಿಯುತ್ತಿದ್ದಾಳೆ, ಎಂಥಾ ಸೊಗಸಾದ ಆಟ ಎಂದುಕೊಂಡರು. "ಹೇಳು ಕಂದಾ, ಹೇಳು!" ಎಂದು ಕೂಗಿದರು. "ಮಹಾರಾಣಿ!" ಎಂದು ಇನ್ನೂರು ಜನ ಅವಳ ಬದಲು ಹೇಳಿ ಮುಗಿಸಿದರು. ಚಪ್ಪಾಳೆ ಮುಗಿಲು ಮುಟ್ಟಿತು. ಅವಳ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಕ್ರೂಪ್ ಮೇಷ್ಟ್ರು ಏದುಸಿರು ಬಿಡುತ್ತ ಓಡಿಬಂದರು. ಈಗ ಬೈಯುತ್ತಾರೆ, ಅವಳ ಪರ ನಾನು ಜಗಳಕ್ಕೆ ನಿಲ್ಲುತ್ತೇನೆ ಎಂದು ಲಂಗ ಬದಿಗಿಟ್ಟು ಎದ್ದೆ. ಆ ಮನುಷ್ಯ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟರು.

"ಮಾತು ಕಲಿಯೋ ಕಿನ್ನರಿ! ನನಗ್ಯಾಕೆ ಹೊಳೀಲಿಲ್ಲ ಇದು? ಇನ್ಮೇಲೆ ದಿನಾ ಡಂಗುರ ನಿಂದೇ ಮರಿ, ಹೀಗೇ!"

ಅವಳು ಕೇಳಿದ್ದು ಕೊಟ್ಟರು. ಕೊಟ್ಟದ್ದು ಅವಳು ಕೇಳಿದ್ದಾಗಿರಲಿಲ್ಲ.

ಮುಂದಿನ ವಾರಗಳಲ್ಲಿ ಬಾವಿಯ ಸುತ್ತ ಕಾಲಿಡಲು ಜಾಗವಿಲ್ಲ. ಅವಳು ಎಲ್ಲಿ ಸಿಕ್ಕಿಕೊಳ್ಳುತ್ತಾಳೆಂದು ಜನಕ್ಕೆ ಬಾಯಿಪಾಠವಾಯಿತು, ಅಲ್ಲಿ ಎಲ್ಲರೂ ಸೇರಿ ಮಾತು ಎತ್ತಿಕೊಡುವರು. ಮರದ ಬಿಲ್ಲೆ ಮಾರುವವನು 'ರಾ-ರಾ-ರಾಣಿ' ಎಂದು ಕೆತ್ತಿ ಮಾರತೊಡಗಿದ. ಶುಕ್ರವಾರದ ಮೀನಿನ ಊಟದಲ್ಲಿ ಪಕ್ಕದ ಮೇಜಿನವರು, "ಒಂದೇ ಒಂದ್ಸಲ ಹೇಳಮ್ಮ, ನಮ್ಮ ಅತ್ತಿಗೆ ಕೇಳಿಲ್ಲ" ಎನ್ನುವರು. ಮಗಳ ಬಗ್ಗೆ ಅವಳಮ್ಮ ಅಷ್ಟು ಹೆಮ್ಮೆಪಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬಿಟ್ಟುಬಿಡುತ್ತೇನೆ ಎಂದು ಅವಳು ಯಾರಿಗೆ ಹೇಳಬೇಕು?

ಆದರೆ ಹುಡುಗಿ ಒಂದು ಉಪಾಯ ಕಂಡುಕೊಂಡಳು. ಪ್ರತಿ ಮಾತಿಗೂ ಮುಂಚೆ ಗಂಟೆಯನ್ನು ಒಮ್ಮೆ ಬೀಸಿ, ಆ ನಾದದ ಬೆನ್ನು ಹತ್ತಿ ಮಾತು ಹೊರಗೆ ಬಿಟ್ಟರೆ, ಎಷ್ಟೋ ಸಲ ನಾಲಿಗೆ ಹಿಡಿಯುತ್ತಿರಲಿಲ್ಲ. ನನ್ನ ಗುಡಿಸಲಿನ ಹಿಂದೆ, ಐಸಿನ ಪೆಟ್ಟಿಗೆಗಳ ನಡುವೆ ನಿಂತು ಅಭ್ಯಾಸ ಮಾಡಿದಳು. ಮೇಳ ಮುಗಿಯುವ ಹಿಂದಿನ ವಾರದ ಭಾನುವಾರ ಕಟ್ಟೆ ಹತ್ತಿ, ಗಂಟೆ ಬೀಸಿ, ಇಡೀ ಡಂಗುರವನ್ನು ಒಂದು ತಡೆಯೂ ಇಲ್ಲದೆ ಸಾರಿದಳು.

"ಎಲೈ ಪುರಜನರೇ! ಮಹಾರಾಣಿಯವರು ದಯಮಾಡಿಸುತ್ತಿದ್ದಾರೆ! ದಾರಿ ಬಿಡಿ! ಹಿಂದೆ ಕುದುರೆಗಳಿವೆ, ಮಕ್ಕಳ ಕೈ ಹಿಡಿದುಕೊಳ್ಳಿ!"

ನನ್ನ ಕಣ್ಣಲ್ಲಿ ನೀರು ಬಂತು. ಅವಳು ನನ್ನ ಕಡೆಗೇ ನೋಡುತ್ತಿದ್ದಳು, ಮುಖ ಹಸಿರು ಬಣ್ಣದಡಿಯಲ್ಲೂ ಕೆಂಪಾಗಿತ್ತು. ಜನ ಮಾತ್ರ ಮುಖ ಮುಖ ನೋಡಿಕೊಂಡರು. "ಇಷ್ಟೇನಾ?" ಎಂದಳು ನನ್ನ ಪಕ್ಕದ ಹೆಂಗಸು. "ಅದಕ್ಕಾ ಎರಡು ಗಂಟೆ ಕಾರು ಓಡಿಸ್ಕೊಂಡು ಬಂದಿದ್ದು?"

ಸಂಜೆ ಮೇಷ್ಟ್ರು ನನ್ನ ಗುಡಿಸಲಿಗೇ ಬಂದರು.

"ಏನಾಯ್ತು ಮರಿ ಇವತ್ತು? ಅದೆಲ್ಲಿ ಹೋಯ್ತು?"

"ಹೋ-ಹೋಗ್ಲಿಲ್ಲ. ನಾನು ದಾ-ದಾಟಿದೆ."

"ತುಂಬಾ ಸಂತೋಷ. ನಿಜವಾಗ್ಲೂ. ಆದ್ರೆ ಮುಂದಿನ ವಾರ ಕೊನೇ ಭಾನುವಾರ. ಪೇಪರಿನವರು ಬರ್ತಾರೆ. ಜನ ಆ ಕಿನ್ನರೀನೇ ನೋಡೋಕೆ ಬರೋದು."

"ಉಗ್ಗೋ ಹಾಗೆ ನ-ನಟಿಸ್ಬೇಕಾ?"

"ನಟಿಸೋದಲ್ಲ, ಛೆ. ಬಂದ್ರೆ ತಡೀಬೇಡ, ಅಷ್ಟೇ." ಅವರು ಅವಳ ಮುಂದೆ ಮಂಡಿಯೂರಿ ಕೂತರು. "ನೋಡು ಮರಿ, ಹುಟ್ಟಿದಾಗಿಂದ ನಿನ್ನನ್ನ ಕಾಡಿಸಿದ್ದನ್ನ ಜನ ಪ್ರೀತಿಸೋ ಹಾಗೆ ಆಗಿದೆ. ಇದಕ್ಕಿಂತ ಒಳ್ಳೇದು ಇನ್ನೇನಿದೆ?"

ನನಗೆ ಆ ಮನುಷ್ಯನ ತಲೆಗೆ ಪಿನ್ನಿನ ಡಬ್ಬಿ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಏಕೆಂದರೆ ಅವರು ಆ ಮಾತನ್ನು ಮನಸಾರೆ ಹೇಳಿದ್ದರು. "ವೆಂಡೆಲ್, ಬಾಗಿಲು ಮುಚ್ಚೋ ಹೊತ್ತಾಯ್ತು, ಏಳು" ಎಂದಷ್ಟೇ ಹೇಳಿದೆ. ಅವರು ಹೋದ ಮೇಲೆ ಬ್ರಿನ್ ರೆಕ್ಕೆ ಬಿಚ್ಚದೆ ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದಳು. ಉಗ್ಗಿದರೆ ಆಟ ಎನ್ನುತ್ತಾರೆ, ಉಗ್ಗದಿದ್ದರೆ ಆಟ ಕೆಟ್ಟಿತು ಎನ್ನುತ್ತಾರೆ. ಅವಳು ಹೊರಗೆ ಬರಲು ಬಾಗಿಲೆಲ್ಲಿದೆ ಎಂದು ನನಗೂ ತೋಚಲಿಲ್ಲ.

ಕೊನೆಯ ಭಾನುವಾರ ಬಿಸಿಲು ಹಣೆ ಸುಡುತ್ತಿತ್ತು. ಗುಡಿಸಲು ಬೇರೆಯವರಿಗೆ ಒಪ್ಪಿಸಿ ನಾನೂ ಬಾವಿಯ ಹತ್ತಿರ ಹೋದೆ. ಗ್ರೇಡಿ ಈಗ ಐಸು ಹೊರುತ್ತಿದ್ದವನು, ಅವನೂ ಬಂದು ನನ್ನ ಪಕ್ಕ ನಿಂತ. ಮರಗಳ ಕೆಳಗಿನ ದಾರಿಯಲ್ಲಿ ರಾಣಿ ಬಿಳಿ ಕುದುರೆಯ ಮೇಲೆ ಸಿದ್ಧಳಾಗಿದ್ದಳು. ನಮ್ಮ ಔಷಧದಂಗಡಿಯ ಒಡತಿಯೇ ರಾಣಿ. ಅವಳ ಹಿಂದೆ ತಮಟೆಯವರು, ಸರದಾರರು, ವೀರರ ಕುದುರೆಗಳು. ಡಂಗುರ ಮುಗಿಯುವ ತನಕ ಮೆರವಣಿಗೆ ಒಂದು ಹೆಜ್ಜೆಯೂ ಕದಲುವಂತಿಲ್ಲ. ದಾರಿ ಖಾಲಿಯಾಗದೆ ಕುದುರೆ ಬಿಡುವ ಹಾಗಿಲ್ಲವಲ್ಲ.

ಬ್ರಿನ್ ಕಟ್ಟೆ ಹತ್ತಿದಳು, ಗಂಟೆ ಬೀಸಿದಳು.

"ಎಲೈ ಪುರಜನರೇ! ಮಹಾ..."

"ರಾ-ರಾ-ರಾ-ರಾಣಿ!" ಎಂದು ಇಡೀ ಗುಂಪು ಒಂದೇ ಕೊರಳಲ್ಲಿ ಉಗ್ಗಿತು. ಅವಳು ಇನ್ನೂ ಉಗ್ಗಿರಲಿಲ್ಲ. ಅವಳಿಗಾಗಿ ಜನವೇ ಉಗ್ಗಿಕೊಟ್ಟು, ತಾವೇ ಚಪ್ಪಾಳೆ ಹೊಡೆದುಕೊಂಡರು.

ಅವಳ ಕೈ ಗಂಟೆಯೊಡನೆ ಕೆಳಗಿಳಿಯಿತು. ಮುಗಿಯಿತು, ಈಗ ಇಳಿದು ಓಡಿಹೋಗುತ್ತಾಳೆ ಎಂದುಕೊಂಡೆ. ಓಡಲಿಲ್ಲ. ಚಪ್ಪಾಳೆ ನಿಲ್ಲುವ ತನಕ ಕಾದು, ಮತ್ತೆ ಗಂಟೆ ಎತ್ತಿದಳು.

"ಎಲೈ ಪುರಜನರೇ! ಮ... ಮ-ಮ..."

ಈ ಸಲ ನಿಜವಾಗಿಯೇ ಹಿಡಿದುಕೊಂಡಿತು.

"ಮಹಾರಾಣಿ!" ಎಂದು ಜನ ಕೂಗಿದರು.

ಅವಳು ನಿಲ್ಲಿಸಿದಳು. ಗಂಟೆ ಬೀಸಿ ಮತ್ತೆ ಮೊದಲಿಂದ ಶುರು ಮಾಡಿದಳು. "ಎಲೈ ಪು-ಪುರಜನರೇ!" ಮತ್ತೆ ಯಾರೋ ಎತ್ತಿಕೊಟ್ಟರು. ಮತ್ತೆ ಮೊದಲಿಂದ.

"ಸಹಾಯ ಮಾಡ್ತಿದೀವಮ್ಮ!" ಎಂದು ದೊಡ್ಡ ಹೊಟ್ಟೆಯ ಗಂಡಸೊಬ್ಬ ನಗುತ್ತ ಕೂಗಿದ.

"ಬೇ-ಬೇಡಿ. ನಾ-ನಾನೇ ಹೇಳ್ತೀನಿ."

ಅದಕ್ಕೂ ನಕ್ಕರು. ಅವಳು ನಗು ಮುಗಿಯುವ ತನಕ ಕಾದು, ಗಂಟೆ ಬೀಸಿ, ಮತ್ತೆ ಮೊದಲಿಂದ. ಅವಳು ಏನು ಮಾಡುತ್ತಿದ್ದಾಳೆಂದು ಆಗ ನನಗೆ ಅರ್ಥವಾಯಿತು. ಯಾರು ಬಾಯಿ ಹಾಕಿದರೂ ಆರಂಭಕ್ಕೇ ಹೋಗುತ್ತಾಳೆ, ಇದಕ್ಕೆ ಕೊನೆಯಿಲ್ಲ.

ಮರಗಳಡಿಯಲ್ಲಿ ಕುದುರೆಗಳು ಕಾಲು ಕೆರೆಯತೊಡಗಿದವು. ರಾಣಿ ಸಿಂಹಾಸನದ ಗತ್ತು ಬಿಟ್ಟು ಕರವಸ್ತ್ರದಿಂದ ಕಂಕುಳು ಒರೆಸಿಕೊಂಡಳು. ಕ್ರೂಪ್ ಮೇಷ್ಟ್ರು ಗುಂಪಿನಾಚೆಯಿಂದ ಎರಡೂ ಕೈ ಆಡಿಸಿ, ಮುಗಿಸು ಮುಗಿಸು ಎಂದು ಸನ್ನೆ ಮಾಡಿದರು. ಅವಳು ಅವರನ್ನು ನೋಡಿದಳು, ಮತ್ತೆ ಗಂಟೆ ಬೀಸಿದಳು. ಇಷ್ಟು ವರ್ಷ ಅವಳನ್ನು ಕೂಡಿಹಾಕಿದ್ದ ಮೇಳ ಈಗ ಅವಳ ಕೈಯಲ್ಲಿ ಸಿಕ್ಕಿಬಿದ್ದಿತ್ತು. ಸುಳ್ಳೇಕೆ, ನನಗೆ ಒಳಗೊಳಗೇ ಹಿಗ್ಗಾಯಿತು.

"ಇದು ಆಟ ಅಲ್ಲ ಅನ್ಸುತ್ತೆ" ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

"ಅಲ್ಲ ಕಣ್ರೀ" ಎಂದ ಗ್ರೇಡಿ, ಜೋರಾಗಿಯೇ. "ಅವಳು ಮಾತಾಡೋದೇ ಹಾಗೆ. ಸ್ವಲ್ಪ ಬಾಯಿ ಮುಚ್ಕೊಂಡಿರಿ."

ನಗು ಅಲ್ಲೊಂದು ಇಲ್ಲೊಂದು ಆಗಿ ಕಡಿಮೆಯಾಯಿತು. ಒಬ್ಬ ತಾಯಿ, ಎತ್ತಿಕೊಡಲು ಬಾಯಿ ತೆರೆದ ತನ್ನ ಮಗನ ಬಾಯಿಗೆ ಕೈ ಅಡ್ಡ ಹಿಡಿದಳು. ದೊಡ್ಡ ಹೊಟ್ಟೆಯವನು ನೆಲ ನೋಡಿದ. ಆಮೇಲೆ ಸದ್ದೇ ಇಲ್ಲ.

"ಎಲೈ ಪುರಜನರೇ," ಎಂದಳು ಬ್ರಿನ್. "ಮ... ಮ-ಮಹಾರಾಣಿಯವರು ದ-ದಯಮಾಡಿಸುತ್ತಿದ್ದಾರೆ. ದಾರಿ ಬಿಡಿ. ಹಿಂದೆ ಕು..."

ಅಲ್ಲಿ ನಿಂತಿತು. ಎಷ್ಟು ಹೊತ್ತೆಂದು ಹೇಳಲಾರೆ. ಕುದುರೆಯೊಂದು ಕೆನೆಯಿತು. ಯಾರೂ ಎತ್ತಿಕೊಡಲಿಲ್ಲ. ಅವಳು ಕಣ್ಣು ಮುಚ್ಚದೆ ಜನರನ್ನೇ ನೋಡುತ್ತ, ಆ ಒಂದು ಮಾತನ್ನು ನಿಧಾನವಾಗಿ ಹೊರಗೆ ತಂದಳು.

"ಕು-ಕುದುರೆಗಳಿವೆ. ಮಕ್ಕಳ ಕೈ ಹಿ-ಹಿಡಿದುಕೊಳ್ಳಿ."

ಚಪ್ಪಾಳೆ ಬರಲಿಲ್ಲ. ಜನ ಬಗ್ಗಿ ತಮ್ಮ ತಮ್ಮ ಮಕ್ಕಳ ಕೈ ಹಿಡಿದುಕೊಂಡರು, ಹಿಂದೆ ಸರಿದು ದಾರಿ ಬಿಟ್ಟರು. ಆಮೇಲೆ ಎಲ್ಲರೂ ಅವಳ ಬಾಯಿ ನೋಡುವುದು ಬಿಟ್ಟು, ಅವಳಿಗೆ ಬೆನ್ನು ತಿರುಗಿಸಿ, ರಾಣಿ ಬರುವ ಕಡೆ ನೋಡತೊಡಗಿದರು.